ಸಿಕ್ಕಿದ ಲಿಂಕ್ ಎಲ್ಲಿಡೋದು? ಎಲ್ಲಾ ದಾರಿ ನೋಡಿ ಕೊನೆಗೆ ಶೀಟಿಗೇ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಗೆದ್ದದ್ದು ಗೂಗಲ್ ಶೀಟ್. ಐದು ಕಾಲಮ್ಮಿನ ಒಂದು ಸಾದಾ ಪಟ್ಟಿ, ಜೊತೆಗೆ ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಾಡಿಡುವ ವೇಬ್ಯಾಕ್ ಮಷೀನ್. ದುಡ್ಡು ಕೊಟ್ಟು ನಂಬಿದ್ದ ಒಂದು ಆ್ಯಪ್ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವಳು ನಾನು. ಈಗ ಬೇರೆ ಕಡೆ ಹೋಗುವ ಮನಸ್ಸೇ ಇಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಇಂಟರ್ನೆಟ್ಟಿನಲ್ಲಿ ಸುತ್ತುವುದು ನನ್ನ ಬಹಳ ವರ್ಷಗಳ ಅಭ್ಯಾಸ. ಹಾಗೆ ಸುತ್ತುವಾಗ ಸಿಕ್ಕಿದ್ದು ಜೋಶ್ ವರ್ತ್ 2014ರಲ್ಲಿ ಮಾಡಿದ ಪುಟ. ಚಂದ್ರನನ್ನು ಒಂದೇ ಒಂದು ಪಿಕ್ಸೆಲ್ ಅಂತ ಇಟ್ಟುಕೊಂಡರೆ ಸೌರಮಂಡಲ ಎಷ್ಟು ಉದ್ದವಾಗುತ್ತದೋ ಅಷ್ಟನ್ನೂ ಅಡ್ಡಡ್ಡ ಸರಿಸುತ್ತಾ ಹೋಗಬೇಕು. ಒಂಬತ್ತನೇ ಕ್ಲಾಸಿನಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಮಂಗಳ ದಾಟಿದ ಮೇಲೆ ಬರೀ ಕಪ್ಪು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಮಿಸ್, ಕೆಟ್ಟೋಯ್ತಾ?" ಅಂದ. ಗ್ರಹಗಳ ನಡುವಿನ ದೂರ ಆ ಮಕ್ಕಳಿಗೆ ನಿಜವಾಗಿ ಗೊತ್ತಾದದ್ದು ಅವತ್ತು. ಇಂಥ ಪುಟ ಸಿಕ್ಕಿದರೆ ಕಳೆದುಕೊಳ್ಳಬಾರದು, ನಾಲ್ಕು ಜನಕ್ಕೆ ತೋರಿಸಬೇಕು. ಹೋಲಿಕೆ ಶುರುವಾದದ್ದು ಈ ಒಂದು ಆಸೆಯಿಂದ.

ಮೊದಲು ಇದ್ದದ್ದು ಗ್ರೂಪ್. ಮನೆಯವರದೊಂದು, ಟೀಚರುಗಳದೊಂದು. ಹಂಚುವುದಕ್ಕೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಒಪ್ಪುತ್ತೇನೆ. ಆದರೆ ಇವತ್ತು ಹಾಕಿದ ಲಿಂಕ್ ನಾಳೆ ಬೆಳಿಗ್ಗೆ ಶುಭೋದಯದ ಹೂವುಗಳ ಅಡಿಗೆ ಹೋಗಿರುತ್ತದೆ. ಮೈಸೂರಿನಲ್ಲಿರುವ ತಂಗಿ, "ಅಕ್ಕಾ, ಆ ಚಂದ್ರಂದು ಇನ್ನೊಂದ್ಸಲ ಕಳ್ಸೇ" ಅಂತ ಅದೊಂದನ್ನೇ ಮೂರು ಸಲ ಕೇಳಿದ್ದಾಳೆ.

ಬ್ರೌಸರಿನ ಬುಕ್‌ಮಾರ್ಕ್: ಒಬ್ಬರಿಗೆ ಸಾಕು, ನಾಲ್ಕು ಜನಕ್ಕೆ ಆಗುವುದಿಲ್ಲ.

ಆಮೇಲೆ ದುಡ್ಡು ಕೊಟ್ಟ ಆ್ಯಪ್. ಹೆಸರು ಬೇಡ. ಆಮೇಲೆ ಓದೋಣ ಅನಿಸಿದ್ದನ್ನು ಒಂದು ಗುಂಡಿ ಒತ್ತಿ ಇಟ್ಟುಕೊಳ್ಳುವ ಸೇವೆ. ಎರಡು ವರ್ಷ ಚಂದಾ ಕಟ್ಟಿದೆ, ಆರುನೂರ ನಲವತ್ತು ಲಿಂಕ್ ತುಂಬಿದೆ. ಒಂದು ದಿನ ಮೇಲ್ ಬಂತು: ಮುಚ್ಚುತ್ತಿದ್ದೇವೆ, ನಿಮ್ಮದನ್ನು ಇಳಿಸಿಕೊಳ್ಳಿ. ಮುಚ್ಚುವುದೇನೂ ಹೊಸದಲ್ಲ. ಬೇರೆ ಬೇರೆ ಸೈಟುಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಹೋಯಿತು, ಹೊಸ ಸೈಟುಗಳನ್ನು ಕೈಗೆ ತಂದುಕೊಡುತ್ತಿದ್ದ ಸ್ಟಂಬಲ್‌ಅಪಾನ್ 2018ರಲ್ಲಿ. ನನ್ನನ್ನು ಸುಸ್ತು ಮಾಡಿದ್ದು ಮುಚ್ಚಿದ್ದಲ್ಲ, ಇಳಿಸಿಕೊಂಡ ಫೈಲು.

ಅದೊಂದು ಸಿಎಸ್‌ವಿ ಫೈಲ್, ಅಂದರೆ ಪಟ್ಟಿಯನ್ನು ಬರೀ ಅಕ್ಷರ, ಅಲ್ಪವಿರಾಮಗಳಲ್ಲಿ ಬರೆದಿಟ್ಟ ಫೈಲ್. ಎರಡು ಸಲ ಕ್ಲಿಕ್ ಮಾಡಿದೆ, ಎಕ್ಸೆಲ್‌ನಲ್ಲಿ ತೆರೆಯಿತು. ಕನ್ನಡ ಶೀರ್ಷಿಕೆ ಇರಬೇಕಾದ ಜಾಗದಲ್ಲೆಲ್ಲ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ವರ್ಗದ ಗುರುತಿನಂಥ ಪುಟ್ಟ 2, ಅದರ ಪಕ್ಕ ಒಂದು ಚುಕ್ಕೆಯೋ ಇನ್ನೇನೋ. ಮತ್ತೆ 'ಎ', ಮತ್ತೆ ಪುಟ್ಟ 2 ಇಲ್ಲವೇ 3. ಸಾಲು ಸಾಲು ಇದೇ. ಸರಿ, ಲಿಂಕ್ ನೋಡಿಯಾದರೂ ಯಾವುದು ಯಾವುದೆಂದು ಗುರುತಿಸೋಣ ಅಂದರೆ ಅಲ್ಲಿ ಇನ್ನೊಂದು ಪಾಡು. ಕನ್ನಡ ವಿಕಿಪೀಡಿಯದಂಥ ಕಡೆ ಪುಟದ ವಿಳಾಸವೂ ಕನ್ನಡದಲ್ಲೇ ಇರುತ್ತದಲ್ಲ, ಅವೆಲ್ಲ ಶೇಕಡಾ ಚಿಹ್ನೆಗಳ ಸರಮಾಲೆ ಆಗಿದ್ದವು.

ಕಾರಣ ಎರಡಕ್ಕೂ ಒಂದೇ. ಕಂಪ್ಯೂಟರ್ ಎಲ್ಲಾ ಭಾಷೆಗಳ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಫೈಲ್ ತೆರೆಯುವ ತಂತ್ರಾಂಶ ಅದನ್ನು ಹಳೆಯ ಇಂಗ್ಲಿಷ್ ಸಂಕೇತ ಅಂತ ತಿಳಿದು ಓದಿದರೆ ಒಂದು ಗುರುತು ಮೂರು ಚೂರಾಗುತ್ತದೆ, ಆ 'ಎ', ಆ 2, ಆ ಚುಕ್ಕೆ ಇವೇ ಮೂರು ಚೂರು. ವಿಳಾಸದಲ್ಲಾದರೆ ಒಂದೊಂದು ಬೈಟಿಗೂ ಒಂದು ಶೇಕಡಾ ಚಿಹ್ನೆ, ಅದರ ಹಿಂದೆ ಇನ್ನೆರಡು ಅಕ್ಷರ. ಅಂದರೆ ಒಂದು ಗುರುತಿಗೆ ಒಂಬತ್ತು. 'ಹಲ್ಮಿಡಿ' ಅಂತ ಬರೆಯಲು ಒತ್ತು, ಗುಡಿಸು ಎಲ್ಲಾ ಸೇರಿ ಏಳು ಗುರುತು. ವಿಳಾಸದಲ್ಲಿ ಅದು 63 ಅಕ್ಷರ! ನೋಡಿದವರು ಇದೇನೋ ವೈರಸ್ ಇರಬೇಕು ಅಂತ ಒತ್ತುವುದಕ್ಕೇ ಹೆದರುತ್ತಾರೆ. ಕನ್ನಡದ ಪುಟಗಳನ್ನು ಹಂಚುವವರಿಗೆಲ್ಲ ಇದು ದಿನನಿತ್ಯದ ಗೋಳು, ಆದರೆ ಆ್ಯಪುಗಳ ಹೋಲಿಕೆ ಬರೆಯುವವರು ಯಾರೂ ಈ ಮಾತೆತ್ತುವುದಿಲ್ಲ.

ಬಿಡಿಸಿಕೊಂಡ ರೀತಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಸಿಎಸ್‌ವಿಯನ್ನು ನೇರ ಕ್ಲಿಕ್ ಮಾಡಿ ತೆರೆಯಬೇಡಿ. ಗೂಗಲ್ ಶೀಟ್‌ನಲ್ಲಿ ಇಂಪೋರ್ಟ್ ಮಾಡಿ, ಕನ್ನಡ ಕನ್ನಡವಾಗಿಯೇ ಬರುತ್ತದೆ. ಎಕ್ಸೆಲ್ಲೇ ಬೇಕು ಅಂದರೆ ಇಂಪೋರ್ಟ್ ಮಾಡುವಾಗ ಯುಟಿಎಫ್-8 ಆರಿಸಿ. ಉದ್ದನೆಯ ವಿಳಾಸವನ್ನು ಬ್ರೌಸರಿನ ಮೇಲಿನ ಪಟ್ಟಿಗೆ ಅಂಟಿಸಿ ತೆರೆದರೆ ಕನ್ನಡದಲ್ಲಿ ಓದಬಹುದು. ಕ್ರೋಮ್‌ನಲ್ಲಿ ಇಡೀ ವಿಳಾಸ ಕಾಪಿ ಮಾಡುವ ಬದಲು ಅದರ ಕನ್ನಡ ಭಾಗವನ್ನಷ್ಟೇ ಆಯ್ದು ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಕಾಟ ಇರುವುದಿಲ್ಲ.

ಎರಡು ಭಾನುವಾರ ಕೂತು ಆರುನೂರ ನಲವತ್ತನ್ನೂ ತೆರೆದು ನೋಡಿದೆ. ನೂರಕ್ಕೂ ಮಿಕ್ಕಿ ಸತ್ತಿದ್ದವು. ಬೇಜಾರಾಯಿತು, ಆದರೆ ಇದು ನನ್ನೊಬ್ಬಳ ಪಟ್ಟಿಯ ಕಥೆಯಲ್ಲ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಹೊತ್ತಿಗೆ ಸಿಗದಂತಾಗಿದ್ದವು ಎಂದು ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಹೇಳಿದೆ. ಸತ್ತವುಗಳಲ್ಲಿ ಸುಮಾರು ಅರ್ಧವನ್ನು ನನಗೆ ವಾಪಸ್ ಕೊಟ್ಟದ್ದು ವೇಬ್ಯಾಕ್ ಮಷೀನ್. ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್ ಸಂಸ್ಥೆ 1996ರಿಂದ ಪುಟಗಳ ಪ್ರತಿ ತೆಗೆದಿಡುತ್ತಿದೆ, 2001ರಿಂದ ಆ ಪ್ರತಿಗಳನ್ನು ಯಾರು ಬೇಕಾದರೂ ನೋಡಬಹುದು. ನಮಗೆ ಬೇಕಾದ ಪುಟವನ್ನು ನಾವೇ ಅಲ್ಲಿಗೆ ಸೇರಿಸಲೂಬಹುದು, ದುಡ್ಡಿಲ್ಲ.

ಲಿಂಕ್ ಕೂಡಿಡುವ ಇನ್ನೊಂದು ಆ್ಯಪ್ ರೇನ್‌ಡ್ರಾಪ್ ಬಗ್ಗೆ ಕೇಳುವವರಿದ್ದಾರೆ. ಎರಡು ತಿಂಗಳು ಬಳಸಿದೆ, ಚೆನ್ನಾಗಿದೆ. ಉಚಿತದಲ್ಲೇ ಎಷ್ಟು ಲಿಂಕ್ ಬೇಕಾದರೂ ಇಡಬಹುದು, ಚಿತ್ರಸಮೇತ ಕಾಣುತ್ತದೆ, ಪಟ್ಟಿಯನ್ನು ಹಂಚಬಹುದು. ಪುಟದ ಶಾಶ್ವತ ಪ್ರತಿ ಬೇಕೆಂದರೆ ಮಾತ್ರ ಚಂದಾ. ನನಗೆ ಬೇಕಾದದ್ದು ಅದೇ, ಇನ್ನೊಂದು ಚಂದಾ ಕಟ್ಟಲು ಕೈ ಏಳಲಿಲ್ಲ.

ನನ್ನ ಶೀಟಿನಲ್ಲಿ ಇರುವುದಿಷ್ಟು: ಹೆಸರು, ಲಿಂಕ್, ವೇಬ್ಯಾಕ್ ಪ್ರತಿಯ ಲಿಂಕ್, ಸಿಕ್ಕ ದಿನ, ಯಾಕೆ ಇಟ್ಟೆ ಅನ್ನುವ ಒಂದು ಸಾಲು. ಫೋನಿನಲ್ಲಿ ಶೀಟ್ ತುಂಬುವುದು ಕಿರಿಕಿರಿ, ಅದು ನಿಜ. ಅದಕ್ಕೇ ಒಂದು ಗೂಗಲ್ ಫಾರ್ಮ್ ಮಾಡಿ ಶೀಟಿಗೆ ಜೋಡಿಸಿದ್ದೇನೆ. ಫೋನಿನ ಮುಖಪುಟದಲ್ಲೇ ಅದರ ಶಾರ್ಟ್‌ಕಟ್ ಇದೆ. ತಂಗಿಯೂ ಇಬ್ಬರು ಸಹೋದ್ಯೋಗಿಗಳೂ ಅದರಲ್ಲೇ ಹಾಕುತ್ತಾರೆ.

ಐದನೇ ಕಾಲಮ್ಮಿನ ಬೆಲೆ ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ವೇಬ್ಯಾಕ್ ಎಲ್ಲವನ್ನೂ ಹಿಡಿಯುವುದಿಲ್ಲ. ರೇಡಿಯೊ ಗಾರ್ಡನ್ ತೆಗೆದುಕೊಳ್ಳಿ. ಭೂಗೋಳ ತಿರುಗಿಸಿ ಹಸಿರು ಚುಕ್ಕೆಯ ಮೇಲೆ ನಿಂತರೆ ಆ ಊರಿನ ರೇಡಿಯೊ ಆಗಲೇ ಕೇಳುತ್ತದೆ. ಅದಕ್ಕೆ ಪ್ರತಿ ತೆಗೆಯುವುದು ಹೇಗೆ? 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆಯೇ ಸೈಬರ್ ದಾಳಿಯಾಗಿ ಕೆಲವು ದಿನ ಅದೂ ತೆರೆಯಲಿಲ್ಲ. ಲಿಂಕ್ ಹೋಗಿ, ಪ್ರತಿಯೂ ಸಿಗದಿದ್ದರೂ ಅಲ್ಲಿ ಏನಿತ್ತು, ನನಗೆ ಯಾಕೆ ಹಿಡಿಸಿತು ಅನ್ನುವುದು ನನ್ನ ಮಾತಿನಲ್ಲಿ ಉಳಿದಿರುತ್ತದೆ. ಶೇಕಡಾ ಚಿಹ್ನೆಯ ಉದ್ದನೆಯ ಲಿಂಕ್ ನೋಡಿ ಹೆದರುತ್ತಿದ್ದವರೂ ಆ ಸಾಲು ಓದಿದ ಮೇಲೆ ಧೈರ್ಯವಾಗಿ ಒತ್ತುತ್ತಾರೆ.

ಈಗ ತಿಂಗಳಿಗೆ ಹದಿನೈದಿಪ್ಪತ್ತು ಲಿಂಕ್ ಇಡುವ ನನ್ನಂಥವರಿಗೆ ಈ ಲೆಕ್ಕ. ದಿನಕ್ಕೇ ಇಪ್ಪತ್ತು ಇಡುವವರಾದರೆ ಒಂದೊಂದಕ್ಕೂ ಸಾಲು ಬರೆಯುತ್ತಾ ಕೂರಲಾಗದು, ರೇನ್‌ಡ್ರಾಪ್‌ಗೇ ಹೋಗಿ. ಆದರೆ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇಳಿಸಿದ ಫೈಲನ್ನು ಅವತ್ತೇ ತೆರೆದು ನೋಡಿ, ಕನ್ನಡ ಕನ್ನಡವಾಗಿಯೇ ಇದೆಯಾ ಅಂತ.

ಮೊನ್ನೆ ಶೀಟಿಗೆ ಹೊಸ ಸಾಲೊಂದು ಸೇರಿತು, ತಂಗಿ ಹಾಕಿದ್ದು. ಲಿಂಕ್ ರೇಡಿಯೊ ಗಾರ್ಡನ್ನಿನದು. ಐದನೇ ಕಾಲಮ್ಮಿನಲ್ಲಿ ಅವಳು ಬರೆದದ್ದು: "ಅಪ್ಪನಿಗೆ ತೋರಿಸಿದೆ. ಒಂದು ಮಾತೂ ಅರ್ಥವಾಗದ ಯಾವುದೋ ದ್ವೀಪದ ಸ್ಟೇಷನ್ ಹಚ್ಚಿಕೊಂಡು ಊಟದ ಹೊತ್ತಿನವರೆಗೂ ಕೂತಿದ್ದರು."