ನಾಲ್ಕು ಅಡಿಯ ಅಕ್ವೇರಿಯಂ ಮನೆ ಬದಲಿಸಿದಾಗ: ಸ್ಥಳಾಂತರ ಸೇವೆಯೊಂದರ ವಿಮರ್ಶೆ

ಜಯನಗರದ ಬಾಡಿಗೆ ಮನೆಯಿಂದ ಯಲಹಂಕಕ್ಕೆ ಹೋಗುವುದೆಂದು ನಿಶ್ಚಯವಾದಾಗ ನನ್ನನ್ನು ಹೆಚ್ಚು ಕಾಡಿದ್ದು ಹಜಾರದಲ್ಲಿದ್ದ ಗಿಡಗಳ ಅಕ್ವೇರಿಯಂ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಆ ತೊಟ್ಟಿಯಲ್ಲಿ ನೀರಿನ ತೂಕವೇ ಸುಮಾರು 240 ಕಿಲೋ. ಮಣ್ಣು, ಕಲ್ಲು, ಗಾಜಿನ ಭಾರ ಬೇರೆ. ಮನೆ ಸಾಮಾನು ಸಾಗಿಸುವವರು ಅದನ್ನು ಮುಟ್ಟಲು ಒಪ್ಪದ ಕಾರಣ, ಅಕ್ವೇರಿಯಂಗಳನ್ನೇ ಬಿಚ್ಚಿ, ಸಾಗಿಸಿ, ಮತ್ತೆ ಕೂರಿಸಿಕೊಡುವ ಇಬ್ಬರ ತಂಡವೊಂದನ್ನು 9,000 ರೂಪಾಯಿಗೆ ಗೊತ್ತುಮಾಡಿದೆ.

ಬಿಚ್ಚುವ ಕೆಲಸದಲ್ಲಿ ಅವರಿಗಿದ್ದ ಪಳಗಿದ ಕೈಯನ್ನು ಎಷ್ಟು ಮೆಚ್ಚಿದರೂ ಸಾಲದು. ಪ್ರಯಾಣದ ನೀರು ಕೆಡದಿರಲೆಂದು ಹಿಂದಿನ ದಿನವೇ ಮೀನುಗಳಿಗೆ ಆಹಾರ ನಿಲ್ಲಿಸಲು ಹೇಳಿದ್ದರು. ಗಿಡಗಳ ನಡುವೆ ಬಲೆ ಆಡಿಸಿದರೆ ಮೀನುಗಳು ಗಾಬರಿಯಾಗುತ್ತವೆಂದು ಮೊದಲು ಗಿಡಗಳನ್ನೇ ತೆಗೆದರು. ಅನುಬಿಯಾಸ್ ಮತ್ತು ಜಾವಾ ಫರ್ನ್ ಗಿಡಗಳನ್ನು ಅವು ಹಿಡಿದಿದ್ದ ಮರದ ತುಂಡಿನ ಸಮೇತ ಎತ್ತಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿದರು. ಅಮೆಜಾನ್ ಸ್ವೋರ್ಡ್ ಗಿಡದ ಬೇರು ತೊಟ್ಟಿಯ ಅರ್ಧದಷ್ಟು ಹರಡಿತ್ತು; ಇಬ್ಬರಲ್ಲಿ ಹಿರಿಯರು ಮೊಣಕೈವರೆಗೆ ಕೈಯಿಳಿಸಿ, ಕಣ್ಣು ಮುಚ್ಚಿ ಬೇರಿನ ಜಾಡನ್ನು ಬೆರಳಲ್ಲೇ ಹುಡುಕುತ್ತಾ ಹತ್ತು ನಿಮಿಷ ಕುಳಿತಿದ್ದರು. ಮಣ್ಣನ್ನು ಪ್ಲಾಸ್ಟಿಕ್ ಮೊರದಿಂದ ಪೂರ್ತಿ ತೋಡಿದ ಮೇಲೆಯೇ ಗಾಜನ್ನು ಎತ್ತಿದರು, ಏಕೆಂದರೆ ಮಣ್ಣಿನ ಭಾರದೊಂದಿಗೆ ಎತ್ತಿದರೆ ತಳ ಬಾಗಿ ಸಿಲಿಕೋನ್ ಅಂಟು ಬಿಡುವ ಅಪಾಯವಿದೆ.

ತಪ್ಪಿದ್ದು ಫಿಲ್ಟರಿನ ವಿಷಯದಲ್ಲಿ. ತೊಟ್ಟಿಯ ಹೊರಗಿಡುವ ಡಬ್ಬಿಯಂಥ ಫಿಲ್ಟರಾದ ಕ್ಯಾನಿಸ್ಟರನ್ನು ನೀರು ತುಂಬಿದಂತೆಯೇ ಬಿಗಿಯಾಗಿ ಮುಚ್ಚಿ ಗಾಡಿಗೆ ಹಾಕಿದ್ದರು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಅದರೊಳಗಿನ ಸ್ಪಂಜು ಮತ್ತು ಸೆರಾಮಿಕ್ ತುಂಡುಗಳ ಮೇಲೆ ನೆಲೆಸಿದ್ದು, ಅವುಗಳಿಗೆ ಆಮ್ಲಜನಕ ಬೇಕು. ಆರು ಗಂಟೆಗಳ ನಂತರ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಆ ನೀರನ್ನು ಚೆಲ್ಲಿಸಿದೆನಾದರೂ, ಕದಡಿದ ಹಳೆಯ ಮಣ್ಣೂ ಸೇರಿ ಮೂರನೆಯ ದಿನ ಪರೀಕ್ಷೆಯಲ್ಲಿ ಅಮೋನಿಯಾ ಕಾಣಿಸಿಕೊಂಡಿತು. ಎರಡು ನಿಯಾನ್ ಟೆಟ್ರಾ ಮೀನುಗಳು ಸತ್ತವು. ಒಂದು ವಾರ ದಿನವೂ ಅರ್ಧದಷ್ಟು ನೀರು ಬದಲಿಸಬೇಕಾಯಿತು. ಲಕ್ಷ ಲಕ್ಷ ಜೀವಿಗಳಿರುವ ಡಬ್ಬಿಯನ್ನು ಬರೀ ಯಂತ್ರವೆಂದು ಎಣಿಸಿದ್ದು ನನಗೆ ನಿಜವಾಗಿಯೂ ನೋವು ತಂದಿತು.

ಆದರೆ ವಿಷಯ ತಿಳಿಸಿದ ಮರುದಿನ ಬೆಳಿಗ್ಗೆಯೇ ಆ ಹಿರಿಯರು ತಮ್ಮ ಮನೆಯ ತೊಟ್ಟಿಯ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿದ್ದ ಸ್ಪಂಜನ್ನು ನೀರಿನ ಚೀಲದಲ್ಲಿಟ್ಟುಕೊಂಡು ಬಂದು, "ಸರ್, ಇದನ್ನ ನಿಮ್ಮ ಫಿಲ್ಟರಿಗೆ ಹಾಕಿ" ಎಂದು ಹಣ ಪಡೆಯದೆ ಕೊಟ್ಟುಹೋದರು. ಕ್ರಿಪ್ಟೊಕೊರೈನ್ ಗಿಡದ ಎಲೆಗಳು ಕರಗಿ ಬೀಳುತ್ತವೆ, ಬೇರು ಕೀಳಬೇಡಿ ಎಂದು ಅವರು ಮೊದಲೇ ಎಚ್ಚರಿಸಿದ್ದುದೂ ನಿಜವಾಯಿತು. ನಾಲ್ಕನೆಯ ವಾರ ಕಂದು ಬಣ್ಣದ ಹೊಸ ಚಿಗುರುಗಳು ಮೂಡಿವೆ. ಯಲಹಂಕದ ಮನೆಯ ಬೋರ್‌ವೆಲ್ ನೀರು ಹಿಂದಿನ ಮನೆಯ ಕಾವೇರಿ ನೀರಿಗಿಂತ ಗಡಸಾದ್ದರಿಂದ, ಸಣ್ಣ ಕೊಳವೆಯಿಂದ ಅದನ್ನು ಹನಿಹನಿಯಾಗಿ ಬಿಟ್ಟು ಒಂದು ಗಂಟೆ ಮೀನುಗಳನ್ನು ಹೊಂದಿಸಿದ ಅವರ ತಾಳ್ಮೆಯನ್ನೂ ಇಲ್ಲಿ ದಾಖಲಿಸಬೇಕು.

ಮತ್ತೊಮ್ಮೆ ಮನೆ ಬದಲಿಸಿದರೆ ಇದೇ ತಂಡವನ್ನು ಕರೆಯುತ್ತೇನೆ. ಫಿಲ್ಟರಿನ ಸ್ಪಂಜನ್ನು ಮಾತ್ರ ತೊಟ್ಟಿಯ ನೀರು ತುಂಬಿದ ತೆರೆದ ಬಕೆಟ್ಟಿನಲ್ಲಿ, ಬ್ಯಾಟರಿಯ ಗಾಳಿ ಪಂಪು ಹಾಕಿ, ನನ್ನ ಕಾರಿನಲ್ಲೇ ಒಯ್ಯುತ್ತೇನೆ.