ತೇಗದ ತುಂಡಿಗೆ ಐದು ಸ್ಟಾರ್, ಗಿಟಾರಿಗೆ ಮೂರೂವರೆ

ಮೆಟಲ್ ಸಂಗೀತಕ್ಕೆಂದು ಮಾರುವ ಎಲೆಕ್ಟ್ರಿಕ್ ಗಿಟಾರ್ ಇದು, ಬೆಲೆ ₹40,000ದ ಆಸುಪಾಸು. ಎರಡು ಹಂಬಕರ್ (ತಂತಿಯ ಸದ್ದು ಹಿಡಿಯುವ ಜೋಡಿ ಸುರುಳಿಯ ಪಿಕಪ್), 24 ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ಮೊನಚು ಕೊಂಬು. ಮಿಕ್ಕಿದ್ದು ಡಬ್ಬದ ಮೇಲೇ ಇದೆ. ಮೂರು ವರ್ಷ ಬಾರಿಸಿದ ಮೇಲೆ ಮಾತಾಡಬೇಕಿರುವುದು ಬ್ರಿಡ್ಜ್ ಬಗ್ಗೆ, ಅಂದರೆ ಮೈಮೇಲೆ ತಂತಿಗಳ ತುದಿ ಹಿಡಿದಿರುವ ಲೋಹದ ಭಾಗದ ಬಗ್ಗೆ.

ಫ್ಲಾಯ್ಡ್ ರೋಸ್ (ತಂತಿ ಕಚ್ಚಿ ಹಿಡಿಯುವ ಬ್ರಿಡ್ಜಿನ ಹೆಸರಾಂತ ಬ್ರ್ಯಾಂಡ್) ಮಾದರಿಯ, ಅಗ್ಗದ ತೇಲುವ ಬ್ರಿಡ್ಜ್ ಇದು. ಅಂಗಡಿಯಲ್ಲಿ ಅದಕ್ಕೆ ಸಿಕ್ಕಿಸಿದ ಸರಳನ್ನು, ಅಂದರೆ ಬಾರನ್ನು, ಒತ್ತಿ ಬಿಟ್ಟರೆ ಸ್ವರ ಪಾತಾಳಕ್ಕಿಳಿದು ಮತ್ತೆ ಶ್ರುತಿಗೆ ಮರಳುತ್ತದೆ. ಎಂಥವರೂ ಮರುಳಾಗಬೇಕು. ಮನೆಗೆ ತಂದು ದಪ್ಪ ತಂತಿಯನ್ನು ಇ ಇಂದ ಡಿಗೆ ಇಳಿಸಿ ನೋಡಿ, ಬಣ್ಣ ಬಯಲಾಗುತ್ತದೆ. ಮೇಲೆ ಆರು ತಂತಿ, ಹಿಂದೆ ಹೊಟ್ಟೆಯೊಳಗೆ ಮೂರು ಸ್ಪ್ರಿಂಗ್, ಎರಡರ ಹಗ್ಗಜಗ್ಗಾಟದ ನಡುವೆ ಬ್ರಿಡ್ಜ್ ನಿಂತಿದೆ. ಒಂದು ತಂತಿ ಸಡಿಲಿಸಿದರೆ ಸ್ಪ್ರಿಂಗ್ ಗೆಲ್ಲುತ್ತದೆ, ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ಏರುತ್ತವೆ. ಅವನ್ನು ಇಳಿಸುವಷ್ಟರಲ್ಲಿ ಮೊದಲನೆಯದು ಏರಿ ಕೂತಿರುತ್ತದೆ.

ಬ್ಲ್ಯಾಕ್ ಸಬಾತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡು, ತಂತಿ ಮೆತ್ತಗಾಗಲೆಂದು ಶ್ರುತಿ ಇಳಿಸಿದ ಕಾಲದಿಂದಲೂ ಮೆಟಲ್‌ಗೆ ತಗ್ಗು ಶ್ರುತಿಯೇ ಮನೆ. ಅಂಥ ಸಂಗೀತಕ್ಕೆಂದು ಮಾರುವ ಗಿಟಾರಿಗೆ ಶ್ರುತಿ ಇಳಿಸಿದರೆ ಮುನಿಸು!

ಪಾಮ್ ಮ್ಯೂಟ್, ಅಂದರೆ ಅಂಗೈಯಿಂದ ತಂತಿಯ ಸದ್ದು ಅದುಮಿ ಬಾರಿಸುವುದರ ಕಥೆ ಇನ್ನೂ ಕೆಟ್ಟದ್ದು. ಅಂಗೈ ಅಂಚಿನ ಚೂರು ಭಾರ ಬ್ರಿಡ್ಜ್ ಮೇಲೆ ಬಿದ್ದರೂ ಸ್ವರ ಮೇಲಕ್ಕೆ ಜಾರುತ್ತದೆ. ಕ್ಲೀನ್ ಸದ್ದಿನಲ್ಲಿ ಮುಚ್ಚಿಹೋದೀತು, ಡಿಸ್ಟಾರ್ಷನ್‌ನ ಒಡಕು ಸದ್ದಿನಲ್ಲಿ ಪವರ್ ಕಾರ್ಡ್ (ಎರಡು ಸ್ವರಗಳ ಜೋಡಿ) ಅಪಸ್ವರವಾಗಿ ಕಿವಿಗೆ ಹೊಡೆಯುತ್ತದೆ.

ತಂತಿ ಬದಲಿಸುವುದಂತೂ ಭಾನುವಾರದ ಕೆಲಸ. ಬ್ರಿಡ್ಜ್ ಹಿಂಭಾಗದ ಕೆಳಗೆ ಮಡಿಸಿದ ಹಳೇ ಪಂಚೆ ತುಂಡು ತುರುಕಬೇಕು, ಇಲ್ಲದಿದ್ದರೆ ತಂತಿ ಬಿಚ್ಚಿದ ಕೂಡಲೇ ಅದು ಗುಂಡಿಗೆ ಕುಸಿಯುತ್ತದೆ. ಅಲೆನ್ ಕೀಯಿಂದ, ಕತ್ತಿನ ತುದಿಯಲ್ಲಿ ತಂತಿ ಬಿಗಿಹಿಡಿದಿರುವ ನಟ್ ಕ್ಲಾಂಪ್ ಸಡಿಲಿಸಿ, ಹೊಸ ತಂತಿಯ ಗುಂಡು ತುದಿ ಕತ್ತರಿಸಿ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗೆ ಸಿಕ್ಕಿಸಿ, ಒಂದೊಂದಾಗಿ ಮುಗಿಸಬೇಕು. ಫೈನ್ ಟ್ಯೂನರ್‌ಗಳನ್ನು (ಬ್ರಿಡ್ಜ್ ಮೇಲಿನ, ಶ್ರುತಿ ಚೂರು ತಿದ್ದುವ ತಿರುಪುಗಳು) ನಡುಮಟ್ಟಕ್ಕೆ ತಂದ ಮೇಲೇ ಕ್ಲಾಂಪ್ ಬಿಗಿಯಬೇಕು, ಮರೆತರೆ ಎಲ್ಲಾ ಮೊದಲಿಂದ. ಸ್ಥಿರ ಬ್ರಿಡ್ಜ್‌ನಲ್ಲಿ ಕಾಲು ಗಂಟೆಯ ಕೆಲಸ, ಇಲ್ಲಿ ಒಂದು ಗಂಟೆ.

ಮಾರಿಬಿಡುವ ಹಂತದಲ್ಲಿ ಕಾಪಾಡಿದ್ದು ಬಡಗಿ ಬಿಸಾಡಿದ ತೇಗದ ತುಂಡು. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಬ್ರಿಡ್ಜಿನ ಲೋಹದ ಗಟ್ಟಿ ಕಾಣುತ್ತದೆ. ಶ್ರುತಿ ಕೂಡಿಸಿ, ಬ್ರಿಡ್ಜ್ ಗಿಟಾರಿನ ಮೈಗೆ ಸಮಾನಾಂತರವಾಗಿರುವಾಗ, ಆ ಗಟ್ಟಿಗೂ ಗುಂಡಿಯ ನೆಕ್ (ಕತ್ತು) ಕಡೆಯ ಗೋಡೆಗೂ ನಡುವಿನ ಸಂದಿ ಅಳೆಯಿರಿ. ಮರವನ್ನು ಅದಕ್ಕಿಂತ ಕೂದಲೆಳೆ ದಪ್ಪ ಕೊಯ್ದು, ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಒಳಹೋಗುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ. ಆಮೇಲೆ ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ತಲಾ ಒಂದು ಸುತ್ತು ಬಿಗಿದರೆ ಗಟ್ಟಿ ಮರಕ್ಕೆ ಒರಗಿ ನಿಲ್ಲುತ್ತದೆ.

ಈಗ ಬಾರ್ ಕೆಳಕ್ಕೆ ಮಾತ್ರ ಹೋಗುತ್ತದೆ. ಮೇಲಕ್ಕೆಳೆಯುವ ಆಟ ಬಂದ್, ಅದೇ ಬೇಕೆನ್ನುವವರಿಗೆ ಈ ಉಪಾಯ ಬೇಡ. ಡ್ರಾಪ್ ಡಿ, ಅಂದರೆ ದಪ್ಪ ತಂತಿಯನ್ನು ಡಿಗೆ ಇಳಿಸಿದ ಶ್ರುತಿ, ನಿಲ್ಲುತ್ತದೆ, ಮ್ಯೂಟ್ ಮಾಡುವಾಗ ಅಂಗೈ ಎಷ್ಟು ಒತ್ತಿದರೂ ಸ್ವರ ಕದಲುವುದಿಲ್ಲ, ಒಂದು ತಂತಿ ಹರಿದರೂ ಉಳಿದವು ಅಲ್ಲಲ್ಲೇ. ಬ್ರಿಡ್ಜ್ ಒರಗುವ ಎರಡು ಚೂಪು ಅಂಚುಗಳಿಗೆ ತಿಂಗಳಿಗೊಮ್ಮೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ತೊಟ್ಟು ಸಾಕು. ಅಗ್ಗದ ಬ್ರಿಡ್ಜ್‌ನಲ್ಲಿ ಆ ಲೋಹ ಮೆದು. ಅಂಚು ಸವೆದರೆ ಬಾರ್ ಒತ್ತಿ ಬಿಟ್ಟಾಗ ಸ್ವರ ಮೊದಲಿನ ಜಾಗಕ್ಕೆ ಬರುವುದಿಲ್ಲ, ಆಗ ಮರದ ತುಂಡೂ ಏನೂ ಮಾಡದು.

ಇನ್ನೂ ತಗ್ಗಿನ ಡ್ರಾಪ್ ಸಿ ಬೇಕಾದರೆ 10-46 ತಂತಿ (ತೆಳು ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗದಲ್ಲಿ) ಜೋಲುತ್ತದೆ, 11-54 ಹಾಕಿ. ಆಂಪ್‌ನಲ್ಲಿ (ಆಂಪ್ಲಿಫೈಯರ್) ಸದ್ದು ಒಡೆಸುವ ಗೇನ್ ಅರ್ಧಕ್ಕೆ ಇಳಿಸಿ, ನಡುಸ್ವರಗಳ ಮಿಡ್ ಏರಿಸಿದರೆ ಪಿಕಪ್ ಪರವಾಗಿಲ್ಲ. ಆಕ್ಟಿವ್ ಪಿಕಪ್ ಆದ್ದರಿಂದ 9 ವೋಲ್ಟ್ ಬ್ಯಾಟರಿ ಬೇಕು. ಕೇಬಲ್ ಚುಚ್ಚಿದ್ದರೆ ಗಿಟಾರ್ ಆನ್ ಇದ್ದ ಹಾಗೆ. ರಾತ್ರಿ ಕೇಬಲ್ ಕೀಳದೆ ಮಲಗಿದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ.

ಬರೀ ರಿದಂ ಬಾರಿಸುವವರು ಇದೇ ದುಡ್ಡಿಗೆ ಸ್ಥಿರ ಬ್ರಿಡ್ಜ್‌ನದನ್ನೇ ಕೊಳ್ಳಿ, ಬಡಗಿ ಅಂಗಡಿಗೆ ಅಲೆಯುವುದು ತಪ್ಪುತ್ತದೆ.