ಆಟೋಡಾಕ್ ವಿನಾ: ಇಮಾಟಿನಿಬ್ ಕೂರಿಸಿ ನೋಡಿದೆ

ಡಾಕಿಂಗ್ (ಔಷಧಿ ಅಣು ಪ್ರೋಟೀನಲ್ಲಿ ಎಲ್ಲಿ, ಹೇಗೆ ಕೂರುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದು) ಕಲೀಬೇಕು ಅಂತಿರೋರು ಆಟೋಡಾಕ್ ವಿನಾ ಸಾಫ್ಟ್‌ವೇರಿಂದ್ಲೇ ಶುರು ಮಾಡಿ, ಪೂರ್ತಿ ಫ್ರೀ, ಓಪನ್ ಸೋರ್ಸ್, ಮಾಮೂಲಿ ಲ್ಯಾಪ್‌ಟಾಪಲ್ಲೇ ಓಡುತ್ತೆ. ನಾನು ರಕ್ತದ ಕ್ಯಾನ್ಸರ್ ಔಷಧಿ ಇಮಾಟಿನಿಬ್‌ನ ಏಬಲ್ ಕೈನೇಸ್ ಪ್ರೋಟೀನಿನ 1ಐಇಪಿ ಅನ್ನೋ ಕ್ರಿಸ್ಟಲ್ ಸ್ಟ್ರಕ್ಚರಲ್ಲಿ (ಪ್ರಯೋಗದಿಂದ ಕಂಡುಕೊಂಡ 3ಡಿ ರಚನೆ) ಕೂರಿಸಿ ನೋಡಿದೆ, ಕ್ರಿಸ್ಟಲ್‌ನಲ್ಲಿ ಔಷಧಿ ಇರೋ ಜಾಗಕ್ಕೇ ಹೋಗಿ ಕೂತ್ಕೊಳ್ತು, ಥ್ರಿಯೋನಿನ್ 315 (ಪ್ರೋಟೀನ್ ಸರಪಳಿಯ 315ನೇ ಅಮೈನೋ ಆಮ್ಲ) ಜೊತೆ ಹೈಡ್ರೋಜನ್ ಬಾಂಡ್ ಕಂಡಾಗ ಮೈ ಜುಮ್ಮಂತು! ಅದೇ ಜಾಗದಲ್ಲಿ ಮ್ಯುಟೇಶನ್ ಆಗಿ ಐಸೋಲ್ಯೂಸಿನ್ ಅನ್ನೋ ಬೇರೆ ಅಮೈನೋ ಆಮ್ಲ ಬಂದ್ರೆ ಆ ಬಾಂಡೂ ಹೋಗುತ್ತೆ, ಜಾಗಾನೂ ಇಕ್ಕಟ್ಟಾಗುತ್ತೆ, ಔಷಧಿ ಕೆಲಸ ಮಾಡಲ್ಲ, ಇದನ್ನ ಓದೋದೇ ಬೇರೆ ಕಣ್ಣಾರೆ ನೋಡೋದೇ ಬೇರೆ.

ಒಂದ್ ಮಾತು, ಡೀಫಾಲ್ಟಾಗಿ ಪ್ರೋಟೀನು ಅಲುಗಾಡಲ್ಲ, ಎಷ್ಟು ಗಟ್ಟಿಯಾಗಿ ಅಂಟುತ್ತೆ ಅಂತ ವಿನಾ ಕೊಡೋ ಸ್ಕೋರು ಬರೀ ಅಂದಾಜು, ಅದನ್ನೇ ನಂಬ್ಕೊಂಡು ಹೊಸ ಔಷಧಿ ಸಿಕ್ತು ಅನ್ಬೇಡಿ. ಔಷಧಿಗೆ ಜಾಗ ಹುಡುಕೋ ಬಾಕ್ಸ್ ಸರಿಯಾಗಿ ಇಡೋದು, ಸ್ಟ್ರಕ್ಚರಿಗೆ ಹೈಡ್ರೋಜನ್ ಸೇರಿಸೋದು, ಇದಕ್ಕೇ ಜಾಸ್ತಿ ಟೈಮ್ ಕೊಡಿ.